ಭಾವನ ಕೋಳಿ ಅಂಕ ಕೆನಡಾ ತನಕ ಬಂತು

2024ರ ಮೇ ತಿಂಗಳಲ್ಲಿ ಬಂಡಿಹಬ್ಬಕ್ಕೆಂದು ಅಂಕೋಲೆಗೆ ಹೋಗಿದ್ದೆ. ಹದಿನೈದು ವರ್ಷದಿಂದ ಟೊರೊಂಟೊ ಪಕ್ಕದ ಮಿಸಿಸಾಗಾದಲ್ಲಿದ್ದೇನೆ. ಅಕ್ಕ, ಭಾವ ಒಮ್ಮೆಯೂ ಅಲ್ಲಿಗೆ ಬಂದಿರಲಿಲ್ಲ. ಈ ಸಲ ಬರುವುದು ಗಟ್ಟಿ ಎಂದಾಗಿತ್ತು. ಪೇಟೆಯ ಏಜೆಂಟನೊಬ್ಬ ವೀಸಾ ಅರ್ಜಿ ತುಂಬಿಟ್ಟಿದ್ದ. ಕಳಿಸುವ ಮೊದಲು ನೀನೊಮ್ಮೆ ನೋಡು ಎಂದು ಅಕ್ಕ ನನ್ನ ಕೈಗೆ ಕೊಟ್ಟಳು. ಜಗಲಿಯಲ್ಲಿ ಕೂತು ಓದುತ್ತಾ ಹೋದವನು ಒಂದು ಪ್ರಶ್ನೆಗೆ ಬಂದು ನಿಂತೆ. ಯಾವುದೇ ದೇಶದಲ್ಲಿ ಅಪರಾಧ ಮಾಡಿದ್ದೀರಾ, ಬಂಧನ ಆಗಿದೆಯಾ, ಆರೋಪ ಬಂದಿದೆಯಾ, ಶಿಕ್ಷೆ ಆಗಿದೆಯಾ? ಏಜೆಂಟ ಬರೆದ ಉತ್ತರ: ಇಲ್ಲ.

"ಭಾವ, ಆ ಕೋಳಿ ಅಂಕದ್ದು?"

"ಅದೆಂತ ಕೇಸು ಮಾರಾಯ? ದಂಡ ಕಟ್ಟಿ ಆತಲ್ಲ."

2012ರ ಮಾತು. ಊರ ಹಿಂದಿನ ಬೇಣದ ಹುಲ್ಲುಗುಡ್ಡದಲ್ಲಿ ಕೋಳಿ ಕಾಳಗದ ಅಂಕ ನಡೆದಿತ್ತು. ಜೀಪು ಬಂದಾಗ ಎಲ್ಲರೂ ಗೇರು ಗಿಡಗಳ ನಡುವೆ ಓಡಿದರು. ಭಾವ ಓಡಲಿಲ್ಲ, ಹುಂಜವನ್ನು ಬಿಟ್ಟು ಓಡಲು ಮನಸ್ಸಾಗಲಿಲ್ಲವಂತೆ. ಹುಂಜದ ಸಮೇತ ಸಿಕ್ಕಿಬಿದ್ದರು. ಹಾಕಿದ್ದು ಒಂದೇ ಕಲಂ, ಪ್ರಾಣಿ ಹಿಂಸೆಯದ್ದು. ಮರುವರ್ಷ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 50 ರೂಪಾಯಿ ದಂಡ ಕಟ್ಟಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದರು. 50 ರೂಪಾಯಿ ಎಂದರೆ ನಗಬೇಡಿ. 1960ರ ಆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ಅದೇ ಮೇಲಿನ ಮಿತಿ. ಕೆಳಗಿನ ಮಿತಿ 10 ರೂಪಾಯಿ. ಅದರ ಮುಂದಿನ ವರ್ಷವೇ ಭಾವನನ್ನು ದೇವಸ್ಥಾನದ ಜಾತ್ರೆಯ ಖಜಾಂಚಿ ಮಾಡಿದರು. ಕೇಸಿನ ಸುದ್ದಿ ಬಂದರೆ ಜನ ನಗುತ್ತಿದ್ದರು, ಅಷ್ಟೇ.

ನಮ್ಮ ಕಡೆ ಕೇಸನ್ನು ಅಳೆಯುವುದೇ ಬೇರೆ ಸೇರಿನಲ್ಲಿ. ಗೋವಾ ಗಡಿಯ ಮಾಜಾಳಿ ಗೇಟಿನಲ್ಲಿ ಅಲ್ಲಿನ ಮದ್ಯದ ಬಾಟಲಿ ಸಿಕ್ಕಿ ಅಬಕಾರಿ ಕೇಸಾದರೆ ಅದು ತಮಾಷೆಯ ಕತೆ. ದೀಪಾವಳಿಯ ಇಸ್ಪೀಟಿಗೆ ಹಿಡಿದರೆ ಗ್ರಹಚಾರ. ಅದೇ ಪಕ್ಕದ ಮನೆಯ ತೆಂಗಿನಕಾಯಿ ಕದ್ದ ಎಂದಾದರೆ ಠಾಣೆಗೆ ಹೋಗದಿದ್ದರೂ ಮೂರು ತಲೆಮಾರು ಹೇಳುತ್ತಾರೆ. ಜೈಲಿಗೆ ಹೋಗಿದ್ದೇ ಮರ್ಯಾದೆ ಎಂಬ ಮನೆಗಳೂ ನಮ್ಮಲ್ಲಿವೆ. 1930ರಲ್ಲಿ ಇದೇ ಅಂಕೋಲೆಯಲ್ಲಿ ಉಪ್ಪಿನ ಕಾಯ್ದೆ ಮುರಿದವರು, ಆಮೇಲೆ ಕರ ಕೊಡುವುದಿಲ್ಲ ಎಂದು ಜಮೀನು ಕಳೆದುಕೊಂಡವರು ಇದ್ದಾರಲ್ಲ. 1972ರಲ್ಲಿ ಸರ್ಕಾರ ಕೊಟ್ಟ ತಾಮ್ರಪತ್ರ ಕೆಲವರ ಜಗಲಿಯಲ್ಲಿ ಇವತ್ತಿಗೂ ತೂಗುತ್ತಿದೆ. ಆ ಅಜ್ಜಂದಿರು ಬದುಕಿದ್ದು ಈ ಅರ್ಜಿ ತುಂಬಿದ್ದರೆ "ಹೌದು" ಎಂದೇ ಬರೆಯಬೇಕಿತ್ತು, ಅಲ್ವಾ?

ಅರ್ಜಿಗೆ ನಾಚಿಕೆಯೂ ಗೊತ್ತಿಲ್ಲ, ಮರ್ಯಾದೆಯೂ ಗೊತ್ತಿಲ್ಲ. ಇಂಡಿಯಾದಲ್ಲಿ ದಂಡ ಎಷ್ಟಾಯಿತು ಎಂದೂ ಕೆನಡಾದವರು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಇದೇ ಕೆಲಸವನ್ನು ತಮ್ಮ ದೇಶದಲ್ಲಿ ಮಾಡಿದ್ದರೆ ಗರಿಷ್ಠ ಶಿಕ್ಷೆ ಏನು ಎಂದು ನೋಡುತ್ತಾರೆ. ಹಕ್ಕಿಗಳ ಕಾಳಗ ನಡೆಸುವುದಕ್ಕೆ, ಅದಕ್ಕೆ ಕೈಜೋಡಿಸುವುದಕ್ಕೆ ಅಲ್ಲಿ 5 ವರ್ಷದವರೆಗೆ ಜೈಲಿದೆ. ದೊಡ್ಡದಾಗಿಯೂ ಸಣ್ಣದಾಗಿಯೂ ವಿಚಾರಣೆ ಮಾಡಬಹುದಾದ ಅಪರಾಧವನ್ನು ವಲಸೆ ಕಾನೂನು ದೊಡ್ಡದೆಂದೇ ಎಣಿಸುತ್ತದೆ. ಊಟದ ಹೊತ್ತಿಗೆ ಮುಗಿದ 50 ರೂಪಾಯಿಯ ಕೇಸು ಅಲ್ಲಿ ಹೀಗೆ ಬೆಳೆದು ನಿಲ್ಲುತ್ತದೆ.

ಆದರೆ ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ, ಏಜೆಂಟನಿಗೆ ಅದು ಗೊತ್ತಿರಲಿಲ್ಲ. ಅಂಥ ಒಂದೇ ತಪ್ಪು ಇದ್ದು, ಅಲ್ಲಿನ ಗರಿಷ್ಠ ಶಿಕ್ಷೆ 10 ವರ್ಷಕ್ಕಿಂತ ಕಡಿಮೆಯಿದ್ದು, ಶಿಕ್ಷೆ ಮುಗಿದು 10 ವರ್ಷ ಆಗಿದ್ದು, ಮತ್ತೆ ಯಾವ ಕೇಸೂ ಇಲ್ಲದಿದ್ದರೆ ಮನುಷ್ಯ ಸುಧಾರಿಸಿದ್ದಾನೆ ಎಂದೇ ಲೆಕ್ಕ. ಭಾವ ದಂಡ ಕಟ್ಟಿ 11 ವರ್ಷವಾಗಿತ್ತು. ನಿಜ ಬರೆದರೆ ಅಡ್ಡಿ ಇರಲಿಲ್ಲ. ಸುಳ್ಳು ಬರೆದು ಸಿಕ್ಕಿಬಿದ್ದಿದ್ದರೆ ಆ ಸುಳ್ಳಿಗೇ 5 ವರ್ಷ ಕೆನಡಾದ ಬಾಗಿಲು ಮುಚ್ಚುತ್ತಿತ್ತು. ಬ್ರಿಟನ್ನಿನಲ್ಲಾದರೆ 10 ವರ್ಷ. ಅಮೆರಿಕದಲ್ಲಿ ವಿಶೇಷ ವಿನಾಯಿತಿ ಸಿಗದಿದ್ದರೆ ಜೀವಮಾನವಿಡೀ.

ಏಜೆಂಟನಿಗೆ ಫೋನ್ ಮಾಡಿದೆ. "ಸಾರ್, ಇಂಥದ್ದೆಲ್ಲ ಯಾರು ಬರೀತಾರೆ? ಅವರಿಗೆ ಹೇಗೆ ಗೊತ್ತಾಗ್ತದೆ?" ಎಂದ. ಸಿಟ್ಟು ಬಂತು. ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಕೇಸು ಹುಡುಕುವುದು ಈಗ ಯಾರ ಮೊಬೈಲಿನಿಂದಲಾದರೂ ಆಗುತ್ತದೆ. ಗೊತ್ತಾಗುತ್ತದೋ ಇಲ್ಲವೋ ಎಂಬುದು ಒತ್ತಟ್ಟಿಗಿರಲಿ, ಕೆಳಗೆ ಸಹಿ ಹಾಕುವವರು ಭಾವ. ಏಜೆಂಟನ ಹೆಸರು ಆ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ.

ಕಾರವಾರದ ಗೆಳೆಯನ ಮಗನದ್ದು ಇದಕ್ಕಿಂತ ಬೇಜಾರಿನ ಕತೆ. ಹುಡುಗರು ಬೈಕ್ ಹತ್ತಿ ಗೋವಾದ ಕಾಣಕೋಣದ ಕಡೆ ಹೋಗಿ ಕುಡಿದು ರಾತ್ರಿ ವಾಪಸಾಗುವುದು ಅಲ್ಲಿ ಹೊಸದೇನಲ್ಲ. ಇವನು ಊದಿದ, ಸಿಕ್ಕಿಬಿದ್ದ, ಕೋರ್ಟಿನಲ್ಲಿ 10,000 ರೂಪಾಯಿ ಕಟ್ಟಿದ. ಹೆಲ್ಮೆಟ್ ಇಲ್ಲದ್ದಕ್ಕೆ ಕಟ್ಟುವ ದಂಡದ ಹಾಗೇ ಇದೂ ಎಂದು ಅಪ್ಪ, ಮಗ ಇಬ್ಬರೂ ತಿಳಿದಿದ್ದರು. ಎರಡು ವರ್ಷದ ನಂತರ ಹುಡುಗ ಕೆನಡಾದಲ್ಲಿ ಓದಲು ಹೊರಟ. 2018ರ ಡಿಸೆಂಬರ್‌ನಿಂದ ಅಲ್ಲಿ ಕುಡಿದು ಗಾಡಿ ಓಡಿಸುವುದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ. ಹಾಗಾಗಿ ಅದು ಗಂಭೀರ ಅಪರಾಧದ ಪಟ್ಟಿಯಲ್ಲಿದೆ. ಭಾವನಿಗೆ ಸಿಕ್ಕ ಹತ್ತು ವರ್ಷದ ಮಾಫಿ ಇದಕ್ಕೆ ತಾನಾಗಿ ಸಿಗುವುದಿಲ್ಲ. ಶಿಕ್ಷೆ ಮುಗಿದು 5 ವರ್ಷ ಕಾಯಬೇಕು. ಆಮೇಲೆ, ನಾನು ಬದಲಾಗಿದ್ದೇನೆ ಎಂದು ದಾಖಲೆ ಇಟ್ಟು ಅರ್ಜಿ ಹಾಕಬೇಕು. ನಡುವೆ ಹೋಗಲೇಬೇಕಾದ ಕಾರಣ ತೋರಿಸಿದರೆ ತಾತ್ಕಾಲಿಕ ಪರವಾನಗಿ ಕೇಳಬಹುದು, ಕೊಡುವುದು ಬಿಡುವುದು ಅಧಿಕಾರಿಯ ಇಷ್ಟ. ಇಂಥ ಕೇಸು ಇದ್ದವರಿಗೆ ಒಂದು ಕಿವಿಮಾತು: ಉಸಿರಿನ ಪರೀಕ್ಷೆಯ ಚೀಟಿಯನ್ನು ಬಿಸಾಡಬೇಡಿ. ನಮ್ಮಲ್ಲಿ 100 ಮಿಲಿ ಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು, ಕೆನಡಾದ ಕ್ರಿಮಿನಲ್ ಮಿತಿ 80. ಎಷ್ಟು ತೋರಿಸಿತ್ತು ಎಂಬುದು ವಕೀಲರಿಗೆ ಬೇಕಾಗುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನೀಗ ಅಲ್ಲಿಯವನಾಗಿ ಮಾತಾಡುತ್ತಿದ್ದೇನೆ ಎಂದುಕೊಳ್ಳಬೇಡಿ. ಅಲ್ಲಿಯವರ ಪಾಡನ್ನೂ ಕಂಡಿದ್ದೇನೆ. ನನ್ನ ಜೊತೆ ಕೆಲಸ ಮಾಡುವವನೊಬ್ಬ ಅಲ್ಲೇ ಹುಟ್ಟಿದವನು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಂಗಡಿಯಲ್ಲಿ ಜಾಕೆಟ್ ಕದ್ದಿದ್ದ. ಅದನ್ನು ಮೊದಲ ವಾರವೇ ಊಟದ ಟೇಬಲ್ಲಿನಲ್ಲಿ ಹೇಳಿದ, ನನಗೇ ಮುಜುಗರ. ವರ್ಷಗಳ ನಂತರ ಅರ್ಜಿ ಹಾಕಿ ದಾಖಲೆಯನ್ನು ಬದಿಗಿಡಿಸಿಕೊಂಡಿದ್ದಾನೆ. ಆ ಸೌಲಭ್ಯ ಅವರ ಕಾನೂನಿನಲ್ಲಿದೆ. ಆದರೆ ನಯಾಗರಾ ನದಿಯ ಆಚೆ ದಂಡೆಗೆ ಅದು ಲೆಕ್ಕಕ್ಕಿಲ್ಲ. ಕೆನಡಾ ಕೊಟ್ಟ ಮಾಫಿಯನ್ನು ಅಮೆರಿಕ ಒಪ್ಪುವುದಿಲ್ಲ, ಕಳ್ಳತನವೆಂದರೆ ಅವರ ಕಣ್ಣಿಗೆ ನೀತಿಗೆಟ್ಟ ಅಪರಾಧ. ಬಫೆಲೊದಲ್ಲಿರುವ ತಂಗಿಯ ಮನೆಗೆ ಹೋಗಲು ಅವನು ವಿನಾಯಿತಿ ಪತ್ರ ಮಾಡಿಸುತ್ತಲೇ ಇರಬೇಕು. ನಾವು ಊರಿನಿಂದ ಬಂದವರು ಜಲಪಾತ ನೋಡಿ ಫೋಟೊ ತೆಗೆದು ಬರುವಾಗ ಅವನು ಈಚೆ ದಂಡೆಯಲ್ಲೇ ಕಾಫಿ ಕುಡಿಯುತ್ತಾ ಕೂತಿರುತ್ತಾನೆ.

ಆದರೂ ಅವನಿಗೆ ಯಾವ ಬಾಗಿಲು ಎಷ್ಟು ವರ್ಷ ಮುಚ್ಚಿದೆ ಎಂದು ಗೊತ್ತಿದೆ. ನಮ್ಮಲ್ಲಿ ಅದೂ ಇಲ್ಲದವರಿದ್ದಾರೆ. ಶಿರಸಿ ಕಡೆಯ ಗೆಳೆಯನ ಅಪ್ಪಯ್ಯನ ಮೇಲೆ ಹನ್ನೊಂದು ವರ್ಷದಿಂದ ಅರಣ್ಯ ಅತಿಕ್ರಮಣದ ಕೇಸಿದೆ. ತೋಟದ ಅಂಚಿನ ಜಾಗ. ತಪ್ಪು ಅವರದ್ದೋ ಸರ್ವೆಯದ್ದೋ ಎಂದು ಇನ್ನೂ ತೀರ್ಮಾನವಾಗಿಲ್ಲ, ತಾರೀಕು ಮಾತ್ರ ಬೀಳುತ್ತಲೇ ಇದೆ. ಮಗಳು ಲಂಡನ್ನಿನಲ್ಲಿ. ಬಾಣಂತನಕ್ಕೆ ಹೋಗೋಣವೆಂದರೆ ಅಪ್ಪಯ್ಯನಿಗೆ ಪಾಸ್‌ಪೋರ್ಟ್ ಸಿಗಲಿಲ್ಲ.

1967ರ ಪಾಸ್‌ಪೋರ್ಟ್ ಕಾಯ್ದೆ ಓದಿದರೆ ವಿಚಿತ್ರ ಅನಿಸುತ್ತದೆ. ಶಿಕ್ಷೆ ಆದವನನ್ನು ಅದು ತಡೆಯುವುದು ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷ ಅಥವಾ ಜಾಸ್ತಿ ಜೈಲಾಗಿದ್ದರೆ, ಅದೂ ಹಿಂದಿನ ಐದು ವರ್ಷದೊಳಗೆ ಆಗಿದ್ದರೆ. ದಂಡ ಕಟ್ಟಿದ ಭಾವನಿಗೆ ಪಾಸ್‌ಪೋರ್ಟ್ ಸಲೀಸಾಗಿ ಬಂತು. ಕೇಸು ಕೋರ್ಟಿನಲ್ಲಿ ಬಾಕಿ ಇರುವವನಿಗೆ, ಅವನು ನಿರಪರಾಧಿಯೇ ಆಗಿರಲಿ, ಕೊಡಲ್ಲ ಎನ್ನಬಹುದು. 1993ರ ಅಧಿಸೂಚನೆಯೊಂದು ದಾರಿ ಬಿಟ್ಟಿದೆ. ಕೇಸು ನಡೆಯುವ ಕೋರ್ಟಿನಿಂದಲೇ ವಿದೇಶಕ್ಕೆ ಹೋಗಲು ಅನುಮತಿ ತಂದರೆ ಕೋರ್ಟು ಹೇಳಿದಷ್ಟು ಕಾಲಕ್ಕೆ ಪಾಸ್‌ಪೋರ್ಟ್ ಸಿಗುತ್ತದೆ. ಎಷ್ಟು ಕಾಲ ಎಂದು ಆದೇಶದಲ್ಲಿ ಬರೆಯದಿದ್ದರೆ ಒಂದೇ ವರ್ಷ. ವಿದೇಶಕ್ಕೆ ಹೋಗುವುದು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಮನೇಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1978ರಲ್ಲಿ. ಗೆಳೆಯನ ಅಪ್ಪಯ್ಯ ಇಷ್ಟು ವರ್ಷವೂ ತಾರೀಕು ತಪ್ಪಿಸಿದವರಲ್ಲ. ಅನುಮತಿ ಕೈಗೆ ಬರುವಾಗ ಮೊಮ್ಮಗುವಿಗೆ ಒಂದೂವರೆ ವರ್ಷ ದಾಟಿತ್ತು. ವೀಸಾ ಅರ್ಜಿಯಲ್ಲಿ ಬಾಕಿ ಕೇಸಿನ ಕಾಲಂ ತುಂಬುವುದು ಅದರ ಮೇಲೆ ಬೇರೆ.

ಇದನ್ನು ನೋಡಿದ ಮೇಲೆ ನನ್ನ ಅನಿಸಿಕೆ ಒಂದು ಕಡೆಗೆ ವಾಲಿದೆ. ಹೊರಗಿನವರ ಲೆಕ್ಕ ಒರಟು, ಮನುಷ್ಯನ ಮುಖ ನೋಡುವುದಿಲ್ಲ, ಜಾಕೆಟ್ ಕದ್ದವನನ್ನು ನಲವತ್ತನೇ ವಯಸ್ಸಿನಲ್ಲೂ ಬಿಡುವುದಿಲ್ಲ. ಆದರೆ ಎಷ್ಟು ವರ್ಷ, ಯಾವ ಕಾಗದ, ಯಾರ ಬಳಿ ಎಂದು ಬರೆದಿಟ್ಟಿದ್ದಾರೆ. ನಮ್ಮೂರು ಕೋಳಿ ಅಂಕದವನನ್ನು ಖಜಾಂಚಿ ಮಾಡುವಷ್ಟು ಉದಾರ, ನಿಜ. ಆ ಉದಾರತನವೇ ಏಜೆಂಟನ ಬಾಯಲ್ಲಿ "ಬರೀಬೇಡಿ" ಎಂದಾಗುತ್ತದೆ. ಕೇಸೇ ಅಲ್ಲ ಎಂದು ಎಲ್ಲರೂ ಹೇಳಿ ಹೇಳಿ ಭಾವನೂ ಅದನ್ನೇ ನಂಬಿದ್ದರು. ಭಾವನ ಮಟ್ಟಿಗೆ ಅವರು ಸುಳ್ಳು ಹೇಳುತ್ತಲೇ ಇರಲಿಲ್ಲ.

ನಾನು ವಾಪಸು ಬಂದ ಮೇಲೆ ಕೆಲಸ ಶುರುವಾಯಿತು. ಹಳೆಯ ಕಡತ ಹುಡುಕಿಸಿ ಆದೇಶದ ನಕಲು ಸಿಗುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿತ್ತು. ಕನ್ನಡದಲ್ಲಿದ್ದ ಎಫ್‌ಐಆರ್, ಪಂಚನಾಮೆ ಎಲ್ಲವನ್ನೂ ಇಂಗ್ಲಿಷಿಗೆ ಮಾಡಿಸಿ ಅನುವಾದಕರ ಪ್ರಮಾಣಪತ್ರ ಸೇರಿಸಿದೆವು. ಜೊತೆಗೊಂದು ವಿವರಣೆಯ ಪತ್ರ: ಏನಾಯಿತು, ಯಾವಾಗ, ಎಷ್ಟು ದಂಡ, ಆಮೇಲೆ ಬೇರೆ ಯಾವ ಕೇಸೂ ಇಲ್ಲ. ಒಂದು ಪುಟ ಸಾಕು, ಅಳುವುದು ಬೇಡ, ವಕಾಲತ್ತು ಬೇಡ.

ವಿಡಿಯೊ ಕಾಲಿನಲ್ಲಿ ಭಾವನಿಗೆ ಎಲ್ಲವನ್ನೂ ಓದಿ ಹೇಳಿದೆ. ಪಂಚನಾಮೆಯಲ್ಲಿ "ಹುಂಜ ಒಂದು, ಅಂದಾಜು ಕಿಮ್ಮತ್ತು 300 ರೂ." ಎಂದಿತ್ತು. ಅಲ್ಲಿಯವರೆಗೆ ಸುಮ್ಮನೆ ಕೇಳುತ್ತಿದ್ದ ಭಾವ ಕುರ್ಚಿಯಿಂದ ಮುಂದೆ ಬಂದರು.

"ಮುನ್ನೂರಾ? ತಮಾ, ಅದು ಎರಡು ಸಾವಿರದ ಹುಂಜ. ಆ ಪತ್ರದಲ್ಲಿ ಅದನ್ನೂ ಬರಿ."