ನನ್ನ ಸರದಿಗೆ ಕಾಯುವ ಆಟ

ಎರಡು ವರ್ಷದ ಹಿಂದೆ ಮಗನ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ಅಲ್ಲಿ ನಾನೇ ಎದ್ದು ನಿಂತು ಹೇಳಿದ್ದೆ, "ಕಂಪ್ಯೂಟರ್ ಗೇಮಿನಿಂದ ಮೂರು ಕಾಸಿನ ಉಪಯೋಗ ಇಲ್ಲ. ಮಕ್ಕಳಿಗೆ ಮುಟ್ಟಲಿಕ್ಕೇ ಬಿಡಬೇಡಿ." ತುಂಬಾ ಜನ ಚಪ್ಪಾಳೆ ತಟ್ಟಿದರು. ಆ ಮಾತಿನಲ್ಲಿ ಅರ್ಧ ಈಗಲೂ ನನ್ನದೇ. ಇನ್ನರ್ಧ ತಪ್ಪು. ಸಭೆಯಲ್ಲಿದ್ದ ಕೆಲವರು ಇಲ್ಲಿ ನನ್ನ ಫ್ರೆಂಡ್ ಲಿಸ್ಟಿನಲ್ಲಿದ್ದೀರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನನಗೆ ಸಿಟ್ಟು ಸುಮ್ನೆ ಬಂದದ್ದಲ್ಲ. ನಮ್ಮ ಹತ್ತಿರದ ಮನೆಯ ಹುಡುಗ ಅಮ್ಮನ ಫೋನಿನಲ್ಲಿ ಗುಂಡು ಹೊಡೆಯುವ ಒಂದು ಆಟ ಆಡುತ್ತಿದ್ದ. ಊಟಕ್ಕೆ ಕರೆದರೂ ಏಳಲು ಆಗುತ್ತಿರಲಿಲ್ಲ. ಎದ್ದರೆ ಸೋತ ಹಾಗೆ. ಕೊನೆಗೆ ಆಟದೊಳಗಿನ ಬಂದೂಕಿಗೆ, ಬಟ್ಟೆಗೆ ಅಂತ ಆ ತಾಯಿಯ ಖಾತೆಯಿಂದ ದುಡ್ಡು ಹೋಯಿತು. ಅವಳು ನಮ್ಮ ಜಗಲಿಯಲ್ಲಿ ಕೂತು ಅತ್ತದ್ದು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ.

ಕಳೆದ ವರ್ಷ ಜುಲೈಯಲ್ಲಿ ಮೂರು ದಿನ ಬಿಡದೆ ಮಳೆ. ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿದ್ದರು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಲ್ವಾ, ಹಾಗಾಗಿ ಮಲ್ಪೆಯಲ್ಲಿ ಬೋಟಿಗೆ ಹೋಗುವ ನಮ್ಮವರೂ ಮನೆಯಲ್ಲೇ. ಮಗ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಅಡುಗೆಮನೆಗೆ ಬಂದ.

"ಅಮ್ಮ, ಒಂದು ಆಟ ಉಂಟು. ಇದರಲ್ಲಿ ಯಾರೂ ಅವಸರ ಮಾಡುದಿಲ್ಲ. ನೀನು ಎಷ್ಟು ಹೊತ್ತು ಯೋಚನೆ ಮಾಡಿದ್ರೂ ಅದು ಕಾಯ್ತದೆ. ಒಂದೇ ಸಲ ಆಡು."

ಗಂಜಿ ಒಲೆಯ ಮೇಲಿತ್ತು. ಬೇಡ ಅನ್ನಲು ಬಾಯಿ ತೆರೆದವಳು, ಕಾಯ್ತದೆ ಅನ್ನುವ ಒಂದು ಮಾತಿಗೆ ಕೂತೆ.

ಆಟದ ಹೆಸರು ದಿ ಬ್ಯಾಟಲ್ ಫಾರ್ ವೆಸ್ನೋತ್. ಡೇವಿಡ್ ವೈಟ್ ಅನ್ನುವವರು 2003ರಲ್ಲಿ ಶುರು ಮಾಡಿದ್ದು. ಪೂರ್ತಿ ಉಚಿತ. ಯಾರು ಬೇಕಾದರೂ ಅದರ ಒಳಗಿನ ಕೋಡ್ ತೆಗೆದು ನೋಡಬಹುದು, ತಿದ್ದಬಹುದು. ಹಳೇ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಸರದಿ ಹಿಡಿದು ಆಡಬಹುದು. ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು. ಕಾಡು, ಗುಡ್ಡ, ನೀರು, ಹಳ್ಳಿ. ಮಗ ಓರ್ಕ್ ಅನ್ನುವ ರಾಕ್ಷಸರ ಕಡೆ, ನಾನು ಮನುಷ್ಯರ ಕಡೆ.

ಮೊದಲ ಆಟದಲ್ಲಿ ನಾನು ಮಾಡಿದ್ದು ಇಷ್ಟು. ಈಟಿ ಹಿಡಿದ ನಾಲ್ಕು ಮಂದಿಯನ್ನು ನೇರ ನದಿಗೆ ಇಳಿಸಿದೆ. ಆಚೆ ದಡದಲ್ಲಿ ಅವನ ಮೂರೇ ಓರ್ಕ್‌ಗಳಿದ್ದವು. ನಾಲ್ಕು ಅಂದರೆ ಮೂರಕ್ಕಿಂತ ಜಾಸ್ತಿ, ಇನ್ನೇನು ಬೇಕು ಅಂದುಕೊಂಡೆ. ಅವನ ಸರದಿ ಮುಗಿಯುವಷ್ಟರಲ್ಲಿ ನನ್ನ ಇಬ್ಬರು ಹೋಗಿದ್ದರು. ಮತ್ತೊಂದು ಸರದಿ, ನಾಲ್ವರೂ ಇಲ್ಲ.

ಹಿಂದಿನಿಂದ ನೋಡುತ್ತಾ ನಿಂತಿದ್ದ ನಮ್ಮವರು ತುಳುವಿನಲ್ಲಿ ಒಂದು ಮಾತು ಹೇಳಿದರು. ಕನ್ನಡದಲ್ಲಿ ಹೇಳಿದರೆ ಹೀಗೆ: "ಕತ್ತಲಾಗುವ ಹೊತ್ತಿಗೆ ಯಾರಾದರೂ ನೀರಿಗೆ ಇಳಿಯುತ್ತಾರಾ ಮಾರಾಯ್ತಿ? ಅಳಿವೆ ದಾಟುವವರು ಹೊತ್ತು ನೋಡಬೇಕು."

ಆಗ ನೋಡಿದೆ. ಪರದೆಯ ಮೂಲೆಯಲ್ಲಿ ಆಕಾಶದ ಸಣ್ಣ ಚಿತ್ರ ಇತ್ತು. ಮುಸ್ಸಂಜೆ. ಈ ಆಟದಲ್ಲಿ ಬೆಳಗಿನಿಂದ ಬೆಳಗಿನವರೆಗೆ ಆರು ಸರದಿ. ಹಗಲಿನಲ್ಲಿ ನನ್ನವರ ಏಟಿಗೆ ನೂರಕ್ಕೆ 25 ಹೆಚ್ಚು ಬಲ, ರಾತ್ರಿ ಅಷ್ಟೇ ಕಡಿಮೆ. ಓರ್ಕ್‌ಗಳಿಗೆ ತಿರುಗಾಮುರುಗಾ. ಅದರ ಮೇಲೆ ನೀರಿನಲ್ಲಿ ನಿಂತ ಕಾಲಾಳಿಗೆ ನೂರರಲ್ಲಿ 80 ಏಟು ಬೀಳುತ್ತದೆ. ಹಳ್ಳಿಯಲ್ಲಿ ನಿಂತಿದ್ದರೆ ಅಷ್ಟು ಬೀಳುವುದಿಲ್ಲ, ಆದ ಗಾಯವೂ ಸರದಿಗೆ ಇಷ್ಟು ಅಂತ ವಾಸಿಯಾಗುತ್ತದೆ. ಇದೆಲ್ಲ ಮೊದಲಿನಿಂದಲೂ ನನ್ನ ಕಣ್ಣೆದುರೇ ಇತ್ತು. ಯಾರೂ ನನಗೆ ಮೋಸ ಮಾಡಿರಲಿಲ್ಲ. ನಾನು ನೋಡಿರಲಿಲ್ಲ, ಅಷ್ಟೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ. ಬೆರಳು ನಿಧಾನ ಆದದ್ದಕ್ಕೆ ಸೋತಿರಲಿಲ್ಲ ನಾನು. ಎಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸಬಹುದಿತ್ತು. ಯಕ್ಷಗಾನ ನೋಡಿ ಬೆಳೆದವರಿಗೆ ಇದು ಬೇಗ ಅರ್ಥ ಆಗಬೇಕು. ರಾಕ್ಷಸರ ಪಾತ್ರದ ಬಣ್ಣದ ವೇಷದ ಅಬ್ಬರ ಇರುವುದು ಹೊತ್ತು ಏರಿದ ರಾತ್ರಿಯಲ್ಲೇ ಅಲ್ವಾ.

ಎರಡನೇ ದಿನ ಮತ್ತೆ ಸಿಟ್ಟು ಬಂತು. ಅವನ ನಾಯಕ ಸಾಯುವ ಹಾಗಿದ್ದ, ಒಂದು ಏಟು ಸಾಕಿತ್ತು. ನನ್ನ ಮಂತ್ರವಾದಿ ಮೂರು ಏಟು ಹೊಡೆಯಬಹುದಿತ್ತು. ಮಂತ್ರದ ಏಟು ನೂರರಲ್ಲಿ 70 ಸಲ ತಾಗುತ್ತದೆ. ಮೂರೂ ತಪ್ಪಿತು. "ಇದೆಂತ ಆಟ, ಬರೀ ಜೂಜು" ಅಂತ ಎದ್ದುಬಿಟ್ಟೆ. ಮಗ ಪೇಪರಿನ ಅಂಚಿನಲ್ಲಿ ಬರೆದು ತೋರಿಸಿದ. ಒಂದು ತಪ್ಪುವ ಸಾಧ್ಯತೆ 0.3. ಮೂರೂ ತಪ್ಪಬೇಕಾದರೆ 0.3 ಅನ್ನು ಮೂರು ಸಲ ಗುಣಿಸಬೇಕು, 0.027. "ಸಾವಿರ ಸಲ ಹೀಗೆ ಹೊಡೆದ್ರೆ 27 ಸಲ ಇದೇ ಆಗ್ತದೆ ಅಮ್ಮ. ಕಡಿಮೆ, ಆದ್ರೆ ಉಂಟು. ತಪ್ಪಿದ್ರೆ ಎಂತ ಮಾಡುದು ಅಂತ ನೀನು ಮೊದಲೇ ಯೋಚಿಸಿದ್ಯಾ?"

ಯೋಚಿಸಿರಲಿಲ್ಲ. ಮಂತ್ರವಾದಿಯ ಹಿಂದೆ ಒಬ್ಬ ಈಟಿಯವನನ್ನು ಇಟ್ಟಿದ್ದರೆ ಆಟ ಉಳಿಯುತ್ತಿತ್ತು. ಎಂಟನೇ ಕ್ಲಾಸಿನ ಹುಡುಗ, ಗಣಿತ ಅಂದರೆ ಓಡುವವನು, ಪೇಪರಿನ ಅಂಚಿನಲ್ಲಿ ಸಾಧ್ಯತೆಯ ಲೆಕ್ಕ ಮಾಡುತ್ತಿದ್ದ. ಮನೆಯಲ್ಲಿ ನಾನು ಎರಡು ವರ್ಷ ಬೈದು ಕಲಿಸಲು ಆಗದ್ದು.

ಆ ರಾತ್ರಿ ನನಗೆ ಅಜ್ಜಿಯ ಚೆನ್ನೆಮಣೆ ನೆನಪಾಯಿತು. ಕಾರ್ಕಳದ ಹತ್ತಿರ ಅಜ್ಜಿ ಮನೆ. ಆಟಿ ತಿಂಗಳಲ್ಲಿ, ನಾಟಿ ಮುಗಿದು ಹೊರಗೆ ಕಾಲಿಡಲು ಆಗದ ಮಳೆಯಲ್ಲಿ, ಅಟ್ಟದಿಂದ ಚೆನ್ನೆಮಣೆ ಇಳಿಯುತ್ತಿತ್ತು. 14 ಗುಳಿ, ಒಂದೊಂದಕ್ಕೆ ನಾಲ್ಕು ಕಾಯಿ, ಒಟ್ಟು 56. ಒಂದು ಗುಳಿಯಿಂದ ತೆಗೆದು ಒಂದೊಂದೇ ಹಾಕುತ್ತಾ ಹೋಗಬೇಕು. ಮುಗಿದಲ್ಲಿಂದ ಮುಂದಿನ ಗುಳಿಯದ್ದು ಎತ್ತಿ ಮತ್ತೆ ಹಾಕಬೇಕು. ಮುಂದಿನದು ಖಾಲಿ ಸಿಕ್ಕಿದರೆ ಅದರಾಚೆಯ ಗುಳಿಯಲ್ಲಿದ್ದದ್ದು ನಮಗೆ. ಅಜ್ಜಿ ಕೈ ಹಾಕುವ ಮೊದಲು ಸುಮಾರು ಹೊತ್ತು ಸುಮ್ಮನೆ ನೋಡುತ್ತಿದ್ದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಯಾವ ಗುಳಿಯಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಅಂತ ಎಣಿಸುತ್ತಿದ್ದರು. ನನಗೆ ತಡೆಯಲು ಆಗದೆ "ಬೇಗ ಆಡಿ ಅಜ್ಜಿ" ಅಂದರೆ, ಮಂಜೊಟ್ಟಿ ಕಾಯಿಯನ್ನು ಅಂಗೈಯಲ್ಲೇ ಇಟ್ಟುಕೊಂಡು ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು.

ಅಜ್ಜಿ ನನ್ನನ್ನು ಅಕ್ಕನ ಜೊತೆ ಆಡಲು ಬಿಡುತ್ತಲೇ ಇರಲಿಲ್ಲ. ಸಿರಿಯ ಪಾಡ್ದನ, ಅಂದರೆ ತುಳುವಿನ ಹಾಡುಗಥೆ, ಕೇಳಿದವರಿಗೆ ಗೊತ್ತು, ಅಬ್ಬಗ ದಾರಗ ಅಕ್ಕತಂಗಿಯರು ಚೆನ್ನೆ ಆಡುತ್ತಾ ಜಗಳವಾಗಿ ಇಬ್ಬರ ಜೀವವೂ ಹೋಯಿತು. ಆಟದ ಬಿಸಿ ಎಷ್ಟು ಕೆಟ್ಟದ್ದು ಅಂತ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಚೆನ್ನೆಮಣೆಯನ್ನು ಒಲೆಗೆ ಹಾಕಲಿಲ್ಲ. ಯಾವಾಗ ಇಳಿಸಬೇಕು, ಯಾರ ಜೊತೆ ಆಡಬೇಕು, ಯಾವಾಗ ಅಟ್ಟಕ್ಕೆ ಏರಿಸಬೇಕು ಅಂತ ಕ್ರಮ ಮಾಡಿದರು. ಸಭೆಯಲ್ಲಿ ನಾನು ಹೇಳಬೇಕಾಗಿದ್ದದ್ದು ಅದನ್ನೇ.

ಮತ್ತೆ ಮಗ ಇನ್ನೊಂದು ತೋರಿಸಿದ, ಇನ್‌ಟು ದಿ ಬ್ರೀಚ್. 2018ರದ್ದು. ಚೆಸ್ಸಿನ ಹಾಗೆ ಎಂಟಕ್ಕೆ ಎಂಟು ಮನೆ. ನನ್ನ ಹತ್ತಿರ ಮೂರು ಯಂತ್ರ, ಎದುರಿಗೆ ದೊಡ್ಡ ದೊಡ್ಡ ಹುಳಗಳು. ಹುಳ ಮುಂದೆ ಯಾವ ಮನೆಗೆ ಹೊಡೆಯುತ್ತದೆ ಅಂತ ಮೊದಲೇ ತೋರಿಸುತ್ತದೆ, ಗುಟ್ಟೇ ಇಲ್ಲ. ಒಂದು ಹುಳ ಜನ ಇರುವ ಕಟ್ಟಡಕ್ಕೆ ಗುರಿ ಇಟ್ಟಿತ್ತು. ಕೊಲ್ಲುವಷ್ಟು ಬಲ ನನಗಿರಲಿಲ್ಲ. ಇಪ್ಪತ್ತು ನಿಮಿಷ ನೋಡಿದೆ. ನಡುವೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬಂದೆ. ಒಗ್ಗರಣೆ ಹಾಕುವಾಗ ಹೊಳೆಯಿತು. ಅದನ್ನು ಒಂದು ಮನೆ ಪಕ್ಕಕ್ಕೆ ತಳ್ಳಿದರೆ ಸಾಕು, ಅದರ ಏಟು ಎದುರಿನ ಇನ್ನೊಂದು ಹುಳಕ್ಕೆ ಬೀಳುತ್ತದೆ. ಬಿತ್ತು. ನಾನು ಕೂಗಿದ ಕೂಗಿಗೆ ನಮ್ಮವರು ಜಗಲಿಯಿಂದ ಓಡಿ ಬಂದರು. ಎಲ್ಲವೂ ಕಣ್ಣಿಗೆ ಕಾಣುವ ಈ ಆಟ ಚೆನ್ನೆಗೆ ಹತ್ತಿರ. ನನಗೆ ವೆಸ್ನೋತಿಗಿಂತ ಇದೇ ಇಷ್ಟ. ಮಗನಿಗೆ ಅದೇ ಇಷ್ಟ. ಈ ವಿಷಯದಲ್ಲಿ ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ.

ಸಿವಿಲೈಸೇಷನ್ ಬಗ್ಗೆ ಎಚ್ಚರಿಕೆಯನ್ನೂ ಹೇಳಬೇಕು. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ 1991ರಲ್ಲಿ ಮಾಡಿದ ಆಟ, ಅದರ ಆರನೆಯದು 2016ರಲ್ಲಿ ಬಂತು. ಮಣಿಪಾಲದಲ್ಲಿ ಓದುವ ನನ್ನ ಅಣ್ಣನ ಮಗಳ ಹತ್ತಿರ ಉಂಟು. ಕ್ರಿಸ್ತಪೂರ್ವ 4000ದಿಂದ ಒಂದು ಊರು ಕಟ್ಟುತ್ತಾ ಬರಬೇಕು. ನಾನು ಕಡಲ ತಡಿಯವಳು, ಮೊದಲ ಊರನ್ನು ಸೀದಾ ಕಡಲ ಬದಿಗೇ ಕಟ್ಟಿದೆ. ಜನ ಬೆಳೆಯಲೇ ಇಲ್ಲ. ಸಿಹಿನೀರಿನ ಬದಿಯ ಊರಿಗೆ ಶುರುವಿನಲ್ಲೇ ಐದರಷ್ಟು ವಸತಿ (ಜನ ಎಷ್ಟು ಬೆಳೆಯಬಹುದು ಅನ್ನುವ ಮಿತಿ), ಬರೀ ಕಡಲ ಬದಿಗೆ ಮೂರು, ನೀರೇ ಇಲ್ಲದಲ್ಲಿ ಎರಡು. ನಮ್ಮ ಕಡೆ ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗುತ್ತದೆ. ಕೊಡ ಹಿಡಿದು ಟ್ಯಾಂಕರ್ ಕಾದವಳು ನಾನು. ಅದನ್ನು ಮರೆತು ಊರು ಕಟ್ಟಿದ್ದೆ. ಸ್ವರ್ಣಾ ನದಿ ಕಡಲಿಗೆ ಸೇರುವಂಥ ಜಾಗ ಹುಡುಕಿ ಎರಡನೇ ಊರು ಕಟ್ಟಿದೆ. ಅದು ಬೆಳೆಯಿತು. ಆದರೆ ಇನ್ನೊಂದೇ ಸರದಿ, ಇನ್ನೊಂದೇ ಸರದಿ ಅಂತ ಹೋಗಿ ಹೋಗಿ ಗಡಿಯಾರ ನೋಡಿದಾಗ ರಾತ್ರಿ ಒಂದೂವರೆ. ಈ ಆಟ ಕಾಯುತ್ತದೆ ನಿಜ, ಏಳಲು ಬಿಡುವುದಿಲ್ಲ. ಅದಕ್ಕೇ ಅದು ನಮ್ಮ ಮನೆಗೆ ಬಂದಿಲ್ಲ. ಪಿಯುಸಿ ಮುಗಿಯುವವರೆಗೆ ಬರುವುದೂ ಇಲ್ಲ.

ಮನೆಯ ಕ್ರಮ ಇಷ್ಟೇ. ರಾತ್ರಿ ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಚ್ಚಬೇಕು. ಯಾರಿಗಾದರೂ ಸಿಟ್ಟು ಬಂದರೆ ಆ ಸರದಿಗೇ ಸೇವ್ ಮಾಡಿ ಏಳಬೇಕು. ಆಟದ ಒಳಗೆ ದುಡ್ಡು ಕೇಳುವ, ಈಗಲೇ ಬಾ ಅಂತ ಗಂಟೆ ಬಾರಿಸುವ ಯಾವುದೂ ಬೇಡ. ಸಭೆಯಲ್ಲಿ ಹೇಳಿದ ಮಾತಿನ ಆ ಅರ್ಧಕ್ಕೆ ನಾನು ಈಗಲೂ ನಿಲ್ಲುತ್ತೇನೆ. ಉಳಿದ ಅರ್ಧವನ್ನು ಇವತ್ತು ಹಿಂದೆ ತೆಗೆದುಕೊಂಡೆ. ಅವತ್ತು ನನ್ನ ಮಾತು ಕೇಳಿ ಇಂಥ ಆಟವನ್ನೂ ನಿಲ್ಲಿಸಿದವರಿದ್ದರೆ, ಒಂದು ಭಾನುವಾರ ಮಕ್ಕಳ ಪಕ್ಕ ಕೂತು ನೋಡಿ. ವೆಸ್ನೋತಿಗೆ ಒಂದು ರೂಪಾಯಿಯೂ ಬೇಡ. ಅದರಲ್ಲಿ ಎ ಟೇಲ್ ಆಫ್ ಟು ಬ್ರದರ್ಸ್ ಅಂತ ಹೊಸಬರಿಗೆ ಆಗುವ ಚಿಕ್ಕ ಕಥೆ ಉಂಟು, ಅಲ್ಲಿಂದ ಶುರು ಮಾಡಿ. ಕರೆಂಟ್ ಹೋದರೂ ಹೆದರಬೇಡಿ, ಪ್ರತಿ ಸರದಿಗೂ ಅದೇ ಸೇವ್ ಮಾಡಿಕೊಳ್ಳುತ್ತದೆ.

ಮಗ ಟ್ಯೂಷನ್ನಿಗೆ ಹೋಗಿದ್ದಾನೆ. ನಿನ್ನೆಯ ಆಟ ಅರ್ಧದಲ್ಲಿ ನಿಂತಿದೆ. ಅವನ ಓರ್ಕ್‌ಗಳು ನದಿಯ ಆಚೆ ದಡದಲ್ಲಿ ಸಾಲಾಗಿವೆ. ಅಲ್ಲಿ ಈಗ ಮುಸ್ಸಂಜೆ, ನನ್ನ ಸರದಿ. ಈಟಿಯವರನ್ನೆಲ್ಲ ಈಚೆ ದಡದ ಹಳ್ಳಿಗೆ ತಂದು ನಿಲ್ಲಿಸಿದ್ದೇನೆ.