ಫಾರ್ಮ್ಯಾಟ್ ಮಾಡೋ ಮೊದಲು ಒಳಗೇನಿದೆ ಅಂತ ಕೇಳಿ

ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಇವತ್ತು ಟೋನರ್ ತುಂಬಿಸೋಕೆ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ನನ್ನ ಮುಂದೆ ನಿವೃತ್ತ ಮೇಷ್ಟ್ರೊಬ್ಬರು, ಬಟ್ಟೆ ಚೀಲದಲ್ಲಿ ಲ್ಯಾಪ್‌ಟಾಪ್. "ವಿಂಡೋಸ್ ಹತ್ತು ಮುಗೀತು ಅಂತ ಪದೇ ಪದೇ ಬರ್ತಿದೆಯಪ್ಪ, ಏನು ಮಾಡ್ಲಿ?" ಹುಡುಗ ಸ್ಟಿಕ್ಕರ್ ನೋಡಿದ. ಇಂಟೆಲ್‌ನ ಏಳನೇ ಜನರೇಶನ್ ಐ5 ಪ್ರೊಸೆಸರ್. "ಸರ್, ಇದಕ್ಕೆ ಹನ್ನೊಂದು ಬರಲ್ಲ, ಹೊಸದು ತಗೊಳ್ಳಿ. ಬೇಡ ಅಂದ್ರೆ ಹೇಗೋ ಹಾಕ್ಕೊಡ್ತೀನಿ. ಫಾರ್ಮ್ಯಾಟ್ ಮಾಡ್ಬೇಕು. ಸಂಜೆ ಬನ್ನಿ."

ಮೇಷ್ಟ್ರು ಆಯ್ತಪ್ಪ ಅಂತ ಹೊರಟೇಬಿಟ್ಟರು. ಫಾರ್ಮ್ಯಾಟ್ ಅಂದರೆ ಡಿಸ್ಕನ್ನು ಅಳಿಸಿ ಖಾಲಿ ಮಾಡೋದು. ನನಗೆ ತಡೆಯಲಾಗಲಿಲ್ಲ. "ಸರ್, ಇದರೊಳಗೆ ಏನೇನಿದೆ?" ಅಂದೆ.

"ನಮ್ಮೂರಿನ ಇತಿಹಾಸ ಬರೀತಿದ್ದೀನಮ್ಮ. ನುಡಿ ತಂತ್ರಾಂಶದಲ್ಲಿ. ಮುಕ್ಕಾಲು ಆಗಿದೆ."

"ಬೇರೆ ಎಲ್ಲಾದರೂ ಕಾಪಿ ಇಟ್ಟಿದ್ದೀರಾ?"

"ಇಲ್ಲ. ಡಿ ಡ್ರೈವಲ್ಲಿದೆ. ಅದಕ್ಕೇನೂ ಆಗಲ್ಲ ಅಲ್ವಾ?"

ಆಗುತ್ತದೆ. ಸಿ ಮತ್ತು ಡಿ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಎರಡು ಭಾಗ. ಇನ್‌ಸ್ಟಾಲ್ ಮಾಡುವಾಗ ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಮುಂದಕ್ಕೆ ಹೋದರೆ ಡಿ ಕೂಡ ಹೋಯಿತು. ಇನ್ನು ಡೆಸ್ಕ್‌ಟಾಪ್ ಮೇಲೆ, ಡಾಕ್ಯುಮೆಂಟ್ಸ್ ಒಳಗೆ ಇಟ್ಟದ್ದು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ ಇರುತ್ತದೆ. ನಾವೇ ನಿಂತು ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಂಡೆವು. ಹುಡುಗನ ಮೇಲೆ ನನಗೆ ಕೋಪವಿಲ್ಲ, ಅವನಿಗೆ ಕಲಿಸಿದ್ದೇ ಅಷ್ಟು. ಕೋಪ ಈ ರೂಢಿಯ ಮೇಲೆ. ಯಾವ ವಿಂಡೋಸ್ ಹಾಕಲಿ ಅಂತ ಎಲ್ಲರೂ ಕೇಳುತ್ತಾರೆ. ಒಳಗೆ ಏನಿದೆ ಅಂತ ಯಾರೂ ಕೇಳಲ್ಲ.

ನಾನು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಕೆಲಸ ಮಾಡಿ ಮನೆ ನಡೆಸಿದವಳು. ಹಿರಿಯರೊಬ್ಬರು ಸೋಬಾನೆ ಪದಗಳನ್ನು ಊರೂರು ಸುತ್ತಿ ಬರೆದುಕೊಂಡು, ತಾವೇ ಟೈಪ್ ಮಾಡಿ ಪುಸ್ತಕಕ್ಕೆ ಅಂತ ನನ್ನ ಹತ್ತಿರ ತರುವವರಿದ್ದರು. ಅಷ್ಟರಲ್ಲಿ ಯಾರೋ ಅವರ ಲ್ಯಾಪ್‌ಟಾಪ್ "ಸರಿ ಮಾಡಿ" ಕೊಟ್ಟರು. ಹೊಸ ವಿಂಡೋಸ್ ಬಂತು, ಪದಗಳು ಹೋದವು. ಬರೆದುಕೊಂಡ ನೋಟ್‌ಬುಕ್ ಗೆದ್ದಲು ತಿಂದಿತ್ತು. ಹಾಡಿದ ಅಜ್ಜಿಯರಲ್ಲಿ ಆಗಲೇ ಹಲವರು ತೀರಿಕೊಂಡಿದ್ದರು. ಆ ಹಿರಿಯರು ಮತ್ತೆ ನನ್ನ ಅಂಗಡಿ ಕಡೆ ಬರಲೇ ಇಲ್ಲ. ಇದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹಾಗಾದರೆ ಹಳೇದನ್ನೇ ಇಟ್ಟುಕೊಂಡು ಸುಮ್ನೆ ಕೂರೋದಾ? ಅದೂ ಅಲ್ಲ. ವಿಂಡೋಸ್ ಹತ್ತರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಲ್ಯಾಪ್‌ಟಾಪ್ ಅವತ್ತೇ ಕೆಟ್ಟುಹೋಗಲ್ಲ, ಆನ್ ಆಗುತ್ತದೆ, ಕೆಲಸವೂ ನಡೆಯುತ್ತದೆ. ಆದರೆ ಹೊಸದಾಗಿ ಸಿಗುವ ತೂತುಗಳನ್ನು ಮುಚ್ಚುವವರು ಇರಲ್ಲ. ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳುತ್ತಿದ್ದ 2017ರ ವಾನ್ನಾಕ್ರೈ ನೆನಪಿದೆಯಾ? ಅದು ನುಗ್ಗುವ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ, ಅಂದರೆ ಸರಿಪಡಿಸುವ ಅಪ್‌ಡೇಟ್ ಬಿಟ್ಟಿತ್ತು. ಮೇ ತಿಂಗಳಲ್ಲಿ ದಾಳಿ ಆದಾಗ ಸಿಕ್ಕಿಬಿದ್ದದ್ದು ಆ ತೇಪೆ ಹಾಕಿಕೊಳ್ಳದ ಯಂತ್ರಗಳು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಅದರಲ್ಲಿದ್ದವು. ಹಾಗಾಗಿ "ಏನಾಗಲ್ಲ ಬಿಡಿ" ಅನ್ನುವವರ ಮಾತನ್ನೂ ಕೇಳಬೇಡಿ.

ಆದರೆ ಅವಸರ ಯಾಕೆ? ಹೆಚ್ಚುವರಿ ಭದ್ರತಾ ಅಪ್‌ಡೇಟ್ ಅಂತ ಒಂದು ವ್ಯವಸ್ಥೆ ಇದೆ. ವಿಂಡೋಸ್ ಹತ್ತರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು, ಮೈಕ್ರೋಸಾಫ್ಟ್ ಅಕೌಂಟ್ ಬೇಕು. ಸೆಟ್ಟಿಂಗ್ಸನ್ನು ಆ ಅಕೌಂಟಿಗೆ ಸಿಂಕ್ ಮಾಡಲು ಒಪ್ಪಿದರೆ ಕಾಸು ಕೊಡದೆಯೇ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಬರುತ್ತದೆ. ಸೆಟ್ಟಿಂಗ್ಸಿನಲ್ಲಿ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇದಕ್ಕೆ ಲಿಂಕ್ ಕಾಣಿಸುತ್ತದೆ. ಮೇಷ್ಟ್ರಿಗೆ ಇದನ್ನು ಒಬ್ಬರೂ ಹೇಳಿರಲಿಲ್ಲ.

ಹನ್ನೊಂದು ಬರುತ್ತದೋ ಇಲ್ಲವೋ ಅನ್ನೋದನ್ನೂ ಮನೆಯಲ್ಲೇ ನೋಡಬಹುದು. ಮೈಕ್ರೋಸಾಫ್ಟಿನದೇ ಪಿಸಿ ಹೆಲ್ತ್ ಚೆಕ್ ಅನ್ನೋ ಸಣ್ಣ ತಂತ್ರಾಂಶ ಹೇಳಿಬಿಡುತ್ತದೆ. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಶನ್ ಅಥವಾ ಅದಕ್ಕಿಂತ ಹೊಸದಿರಬೇಕು. ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಬೇಕು, 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಬೇಕು. ಟಿಪಿಎಂ ಇಲ್ಲ ಅಂತ ತೋರಿಸಿದರೆ ಎದೆಗುಂದಬೇಡಿ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಬಯಾಸ್ ಒಳಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸಿನಲ್ಲಿ ಆಫ್ ಆಗಿ ಕೂತಿರುತ್ತದೆ. ಪ್ರೊಸೆಸರ್ರೇ ಹಳೇದಾದರೆ ಮಾತ್ರ ಅಧಿಕೃತ ದಾರಿಯಿಲ್ಲ. ಅಂಗಡಿಯವರು "ಹೇಗೋ ಹಾಕ್ಕೊಡ್ತೀನಿ" ಅನ್ನೋದು ಈ ತಪಾಸಣೆಯನ್ನು ದಾಟಿಸಿ ಹಾಕುವ ಕೆಲಸ. ನಡೆಯುತ್ತದೆ ನಿಜ. ಆದರೆ ಮುಂದಿನ ಅಪ್‌ಡೇಟ್‌ಗಳಿಗೆ ಮೈಕ್ರೋಸಾಫ್ಟ್ ಹೊಣೆ ಹೊರಲ್ಲ. ಇರೋದೊಂದೇ ಕಾಪಿ ಅನ್ನುವವರ ಯಂತ್ರಕ್ಕೆ ಇದನ್ನು ಮಾಡಬಾರದು.

ನಮ್ಮಂಥವರಿಗೆ ಇನ್ನೊಂದು ಕುತ್ತಿದೆ. ಫಾಂಟ್. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಯೂನಿಕೋಡ್, ಅಂದರೆ ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಅಕ್ಷರ ಸಂಕೇತ ಅಲ್ಲ. ಫೈಲ್ ಉಳಿದು ಫಾಂಟ್ ಹೋದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಮೇಲೊಂದು ಕೊಂಬು, ಪಕ್ಕದಲ್ಲೊಂದು ಚಿಹ್ನೆ. ಜನ ಫೈಲ್ ಕೆಟ್ಟಿದೆ ಅಂದುಕೊಂಡು ಡಿಲೀಟ್ ಮಾಡುತ್ತಾರೆ! ಅದಕ್ಕೇ ಫೈಲ್ ಜೊತೆ ಫಾಂಟನ್ನೂ ಕಾಪಿ ಮಾಡಿ. ಆಮೇಲೆ ಪರಿವರ್ತಕ ಬಳಸಿ ಯೂನಿಕೋಡ್‌ಗೆ ತನ್ನಿ. ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಒಮ್ಮೆ ಕಣ್ಣಾಡಿಸಬೇಕು. ಹಳೇ ಪ್ರಿಂಟರ್ ಇದ್ದವರು ಅದನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್ ಸಿಗುತ್ತದಾ ಅಂತ ಮೊದಲೇ ನೋಡಿ. ವಿಂಡೋಸ್ ಹನ್ನೊಂದರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, 32 ಬಿಟ್ ಡ್ರೈವರ್ ಅದರಲ್ಲಿ ನಡೆಯಲ್ಲ.

ಅಂಗಡಿಯಲ್ಲಿ ಹಾಕಿಸುವಾಗ ಯಾರ ಅಕೌಂಟ್ ಹಾಕುತ್ತಾರೆ ನೋಡಿಕೊಳ್ಳಿ. ಇದು ಬಹಳ ಮುಖ್ಯ. ಹನ್ನೊಂದರ ಈಚಿನ ಆವೃತ್ತಿಗಳನ್ನು ಹೊಸದಾಗಿ ಹಾಕಿದಾಗ ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗೇ ಬೀಗ ಬೀಳುತ್ತದೆ. ಬೀಗ ತೆಗೆಯುವ 48 ಅಂಕಿಯ ರಿಕವರಿ ಕೀ ಮೊದಲು ಲಾಗಿನ್ ಆದ ಮೈಕ್ರೋಸಾಫ್ಟ್ ಅಕೌಂಟಿಗೆ ಹೋಗುತ್ತದೆ. ಅದು ಅಂಗಡಿಯವರ ಅಕೌಂಟ್ ಆಗಿದ್ದರೆ ನಿಮ್ಮ ಮನೆಯ ಬೀಗದ ಕೈ ಅವರ ಜೇಬಲ್ಲಿ.

"ಅಕ್ಕಾ, ಒಬ್ಬೊಬ್ಬರ ಫೈಲ್ ನೋಡ್ತಾ ಕೂತರೆ ವ್ಯಾಪಾರ ಆಗುತ್ತಾ?" ಅಂತ ಹುಡುಗ ಕೇಳಿದ. ಅಂಗಡಿ ಬಾಡಿಗೆ ನಾನೂ ಕಟ್ಟಿದ್ದೇನೆ, ಕಷ್ಟ ಗೊತ್ತು. ಬ್ಯಾಕಪ್‌ಗೆ ಬೇರೆ ದುಡ್ಡು ತಗೊಳ್ಳಿ, ಯಾರೂ ಬೇಡ ಅನ್ನಲ್ಲ. ಆದರೆ ಒಂದು ಪ್ರಶ್ನೆ ಕೇಳೋಕೆ ಎಷ್ಟು ಹೊತ್ತು ಬೇಕು? ಮೇಷ್ಟ್ರಿಗೆ ಅದು ಆರೇಳು ವರ್ಷದ ದುಡಿಮೆ.

ಮೇಷ್ಟ್ರಿಗೆ ಕೊನೆಗೆ ನಾನು ಹೇಳಿದ್ದು ಇಷ್ಟು. ಸದ್ಯಕ್ಕೆ ಆ ಹೆಚ್ಚುವರಿ ಅಪ್‌ಡೇಟ್‌ಗೆ ನೋಂದಾಯಿಸಿ, ಪುಸ್ತಕ ಮುಗಿಸಿ. ಆಮೇಲೆ ಹಾರ್ಡ್‌ಡಿಸ್ಕಿನ ಜಾಗಕ್ಕೆ ಹೊಸ ಎಸ್‌ಎಸ್‌ಡಿ ಹಾಕಿಸಿ, ಅದರ ಮೇಲೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿ. ಅದು ಉಚಿತ, ಏಳನೇ ಜನರೇಶನ್ನಿಗೆ ಆರಾಮಾಗಿ ಓಡುತ್ತದೆ, ಯೂನಿಕೋಡ್ ಕನ್ನಡ ಟೈಪಿಂಗೂ ಇದೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಉಂಟು. ಹಳೇ ಹಾರ್ಡ್‌ಡಿಸ್ಕನ್ನು ಯಾರಿಗೂ ಮುಟ್ಟಲು ಬಿಡದೆ ಹಾಗೇ ಒಂದು ಯುಎಸ್‌ಬಿ ಡಬ್ಬಿಗೆ ಹಾಕಿಸಿಕೊಳ್ಳಿ. ಏನು ಬಿಟ್ಟುಹೋಗಿದ್ದರೂ ಅದರಲ್ಲಿರುತ್ತದೆ.

ನಿಮ್ಮ ಅಪ್ಪ, ಮಾವ, ಮೇಷ್ಟ್ರು ಯಾರಾದರೂ ಹಳೇ ಲ್ಯಾಪ್‌ಟಾಪಿನಲ್ಲಿ ಬರೆಯುತ್ತಿದ್ದರೆ ಈ ಭಾನುವಾರ ಒಂದು ಪೆನ್‌ಡ್ರೈವ್ ಹಿಡಿದು ಅವರ ಪಕ್ಕ ಕೂತುಕೊಳ್ಳಿ. ನುಡಿ ಫೈಲ್ ಓದಲು ಬರುತ್ತಿಲ್ಲ ಅಂದ್ರೆ ಡಿಲೀಟ್ ಮಾಡಬೇಡಿ, ನನಗೆ ಮೆಸೇಜ್ ಮಾಡಿ. ನನ್ನ ಹತ್ತಿರ ಹಳೇ ಫಾಂಟುಗಳು ಇನ್ನೂ ಇವೆ.