ಕಬ್ಬಿಣದ ಗುಳಿಗೆಯಿಂದ ಕೂಸು ಕಪ್ಪಾಗುವುದಿಲ್ಲ

ಬಸುರಿಯರು ಕಬ್ಬಿಣದ ಗುಳಿಗೆ ನುಂಗಿದರೆ ಕೂಸು ಕಪ್ಪಗೆ ಹುಟ್ಟುತ್ತದೆ ಎಂಬ ಮಾತು ಬಾಗಲಕೋಟೆ ಕಡೆ ಮತ್ತೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸುಳ್ಳು. ಕೂಸಿನ ಬಣ್ಣ ಅಪ್ಪ-ಅವ್ವನಿಂದ ಬರುತ್ತದೆ, ಗುಳಿಗೆಯಿಂದಲ್ಲ. ಕಪ್ಪಾಗುವುದು ಮಲ ಮಾತ್ರ. ಮೈಗೆ ಹತ್ತದೆ ಉಳಿದ ಕಬ್ಬಿಣದ ಬಣ್ಣ ಅದು. ಬಹುಶಃ ಈ ಸುದ್ದಿ ಹುಟ್ಟಿದ್ದೂ ಅಲ್ಲಿಂದಲೇ! ಸುಮ್ನೆ ಹೆದರಿ ಗುಳಿಗೆ ಬಿಡಬೇಡಿ.

ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಆ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆ್ಯಸಿಡ್ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದು, ಕನಿಷ್ಠ 180 ದಿನ. ಚಹಾ ಜೊತೆ ಮಾತ್ರ ಬೇಡ, ನಿಂಬೆ ಪಾನಕ ಆದೀತು. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಬಂದರೆ ಡೋಸ್ ಎಷ್ಟೆಂದು ಡಾಕ್ಟರ್ ಹೇಳುತ್ತಾರೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ತಪಾಸಣೆ ಉಚಿತ. ತಾಯಿ ಕಾರ್ಡ್ ಮರೀದೆ ಒಯ್ಯಿರಿ.